ಒಂದು ನಡೆಗೆ ಮೂರು ದಿನ

ಜೂನ್ 4, ಬೆಳಿಗ್ಗೆ 7:40
ಮತ್ತೆ ಸೋತೆ. ಕುಕ್ಕರ್ ಎರಡನೇ ಸೀಟಿ ಹಾಕುವಷ್ಟರಲ್ಲಿ ನಡೆಸಿದ್ದು — ಮಂತ್ರಿಯನ್ನೇ ಕೊಟ್ಟುಬಿಟ್ಟೆ. ತಂಗಿ ಸೌಮ್ಯಾ ಒಂದು ನಡೆಗೆ ಮೂರು ದಿನ ಟೈಮ್ ಇಟ್ಟು ಫೋನಿನ ಆ್ಯಪ್‌ನಲ್ಲಿ ಚೆಸ್ ಆಟ ಕಳಿಸುತ್ತಾಳೆ. ನಾನು ಮೂರು ನಿಮಿಷವೂ ತಗೊಳ್ಳುವುದಿಲ್ಲ.

ಬಸವಪ್ರಭು ಹಲ್ಲುಜ್ಜುತ್ತಲೇ, "ಏನ ಗಡಿಬಿಡಿ ಮಾರಾಯ್ತಿ! ನಿನ್ನ ತಂಗಿ ಮಾಳಮಡ್ಡ್ಯಾಗ ತನ್ನ ಮನ್ಯಾಗ ಕುಂತು ನಗಾಕತ್ತಿರ್ತಾಳ" ಎಂದರು. ಗಂಡ ಎನ್ನುವವರಿಗೆ ಇದೇ ಕೆಲಸ.

ನಗಲಿ. ಎಂಟು ತಿಂಗಳಿಂದ ನನ್ನ ಹತ್ತಿರ ಮಾತಿಲ್ಲ ಅವಳದು. ಆ್ಯಪ್‌ನಲ್ಲಿ ಆಟವಾದರೂ ಕಳಿಸುತ್ತಾಳಲ್ಲ... ಪುಣ್ಯ.

ಜೂನ್ 5
ಬರೆದೇಬಿಡುತ್ತೇನೆ. ಅವಳು ಮಾತು ಬಿಟ್ಟ ದಿನ ನನ್ನ ಮಗಳು ಕಾಲೇಜು ಬಿಡುತ್ತೇನೆಂದು ಹಟ ಹಿಡಿದಿದ್ದಳು. "ಸ್ವಲ್ಪ ತಡಿ ಅಕ್ಕಾ, ಬೈಬ್ಯಾಡ" ಎಂದಳು ಸೌಮ್ಯಾ. "ನೀ ಹಡದಿದ್ರ ಗೊತ್ತಾಗ್ತಿತ್ತು" ಎಂದೆ ನಾನು. ಎಲ್ಲರೆದುರು. ಹನ್ನೊಂದು ವರ್ಷ ದವಾಖಾನೆ ಅಲೆದವಳಿಗೆ. ಚಪ್ಪಲಿ ಹಾಕಿಕೊಂಡು ಹೊರಟುಹೋದಳು.

ಫೋನ್ ಎತ್ತುವುದಿಲ್ಲ. ಆಟದಲ್ಲೂ ಬರೀ ನಡೆ. ಹೀಗೇ ದಡಬಡ ಸೋಲುತ್ತಿದ್ದರೆ ಬೇಸತ್ತು ಅದನ್ನೂ ಬಿಟ್ಟಾಳು. ಹೊಸ ಆಟ ನಿಧಾನ ಆಡಬೇಕು.

ಜೂನ್ 19
ಬೋರ್ಡ್ ತಂದು ಫ್ರಿಜ್ ಮೇಲಿಟ್ಟಿದ್ದೇನೆ. ನಡೆಸಿ ನೋಡುವುದು, ಬಟ್ಟೆ ಒಣಹಾಕಿ ಬಂದು ಮತ್ತೆ ನೋಡುವುದು. ಇದನ್ನೇಕೆ ನಡೆಸಿದಳು? ಅವಳ ತಲೆಯಲ್ಲಿ ಏನಿದೆ ಎಂದು ನಾನು ಇಷ್ಟು ಹೊತ್ತು ಯೋಚಿಸಿದ್ದು ಯಾವತ್ತು? ಖುಷಿ, ಅಳು, ಎರಡೂ.

ಮಗಳು: "ಅವ್ವಾ, ಕಂಪ್ಯೂಟರ್‌ಗೆ ಕೇಳು, ಛಲೋ ನಡಿ ಹೇಳ್ತೈತಿ."
"ಏ ಹೋಗ! ನಮ್ಮಿಬ್ಬರ ನಡುವ ಅದ್ಯಾಕ?"

ಆಗಸ್ಟ್ 11, ಮಧ್ಯಾಹ್ನ 3
ಗೆಲ್ಲುವ ಆಟ ಕೆಡಿಸಿಕೊಂಡೆ. ಎರಡೂವರೆ ದಿನ ವಿಚಾರ ಮಾಡಿ ಪ್ಯಾದೆಯನ್ನು, ಅದೇ ಕಾಲಾಳನ್ನು, ಕೊನೆಯ ಮನೆ ಮುಟ್ಟಿಸಿದ್ದೆ. ಅದರ ಬದಲು ಯಾವ ಕಾಯಿ ಬೇಕೆಂದು ಆ್ಯಪ್ ಕೇಳಿತು. ಕೈ ತಾನೇ ಕುದುರೆ ಒತ್ತಿತು — ಅದು ಕುದುರೆಯ ಸಾಲು! ಅಪ್ಪ ನಮ್ಮೂರು ಶಿರಗುಪ್ಪಿಯ ಕಟ್ಟೆ ಮೇಲೆ ಕಲಿಸಿದ್ದು ಹಾಗೆ: ಯಾವ ಸಾಲಿನಲ್ಲಿ ಮುಟ್ಟಿತೋ ಆ ಕಾಯಿಯೇ ಸಿಗಬೇಕು. ಆ್ಯಪ್‌ನಲ್ಲಿ ಕೇಳಿದ್ದರೆ ಮಂತ್ರಿಯನ್ನೇ ಕೊಡುತ್ತಿತ್ತು. ಅಯ್ಯೋ ಶಿವನೆ.

ಸಂಜೆ 5:10
ಫೋನ್. ಸೌಮ್ಯಾ! ನಗುವೋ ನಗು. "ಅಕ್ಕಾ, ಅಪ್ಪಾರ ಕಾಯ್ದೆ ಇನ್ನೂ ಬಿಟ್ಟಿಲ್ಲಲ್ಲ ನೀ! ಕುದರಿ ತಗೊಂಡು ಏನ್ ಮಾಡ್ತೀ, ಟಾಂಗಾ ಹೂಡ್ತೀ?"

ಹೊಟ್ಟೆ ಹಿಡಕೊಂಡು ನಕ್ಕೆ. ನಗು ನಿಂತ ಮೇಲೆ ಹೇಳಿದೆ: "ಅವತ್ತ ನಾ ಅಂದದ್ದು ತಪ್ಪು, ಸೌಮ್ಯಾ. ನನ್ನ ಮಗಳನ್ನ ನನಗಿಂತ ನೀನ ಛಲೋ ತಿಳಕೊಂಡಿದ್ದಿ."

ಅವಳೆಂದಳು: "ಭಾಳ ನೋವಾಗೇತಿ ಅಕ್ಕಾ. ಲಗೂನ ಏನೂ ಹೇಳಾಕ ಬರೂದಿಲ್ಲ ನಂಗ. ವಿಚಾರ ಮಾಡ್ತೇನಿ."

"ಮಾಡವಾ" ಎಂದೆ. ಮೇಲೊಂದು ಮಾತು ಸೇರಿಸಲಿಲ್ಲ. ನನಗೇ ಆಶ್ಚರ್ಯ.

ಆಗಸ್ಟ್ 13
ನಡೆಯೂ ಇಲ್ಲ, ಫೋನೂ ಇಲ್ಲ. ಹತ್ತು ಸಲ ಮೆಸೇಜ್ ಬರೆದು ಅಳಿಸಿದೆ. ಕಾಯುತ್ತೇನೆ. ಅವಳ ನಗು ಕೇಳಿದೆನಲ್ಲ, ಅಷ್ಟು ಕೊಟ್ಟ ದೇವರು ದೊಡ್ಡವನು.

ಆಗಸ್ಟ್ 14, ಬೆಳಿಗ್ಗೆ 11:20
ಸೌಮ್ಯಾಳ ಫೋನ್: "ಚಿಗರಿ ಬಸ್ ಹತ್ತೇನಿ. ನಿಮ್ಮ ಬೈರಿದೇವರಕೊಪ್ಪಕ್ಕ ಇಳೀತೇನಿ. ರೊಟ್ಟಿಗೆ ಎಸರಿಡು, ನಾ ಬಡೀತೇನಿ. ನಿನ್ನ ಕೈಯಾಗ ಎಲ್ಲಾ ಹರೀತಾವ."

ಅಷ್ಟೇ ಹೇಳಿ ಇಟ್ಟಳು. ಎಸರಿಟ್ಟಿದ್ದೇನೆ. ಹಿಟ್ಟೂ ತೆಗೆದಿಟ್ಟಿದ್ದೇನೆ. ಬಂದ ಕೂಡಲೇ ಏನು ಮಾತಾಡಲಿ? ಏನೂ ಬೇಡ, ಮೊದಲು ಅವಳನ್ನು ತಬ್ಬಿಕೊಳ್ಳುತ್ತೇನೆ.