ಪರದೆಯ ಮೇಲೆ ಎರಡು ಗೆರೆ

೩ ಮಾರ್ಚ್, ಸೋಮವಾರ
ಮತ್ತೆ ಅದೇ ಕಂಪ್ಲೇಂಟು, ಆಸ್ಪತ್ರೆಯ ಮಕ್ಕಳ ವಾರ್ಡಿನಿಂದ. ನಮ್ಮ ಕಂಪನಿಯ ಮಾನಿಟರ್ ಎದೆಬಡಿತ ತೋರಿಸುತ್ತಿಲ್ಲ, ನಂಬರಿನ ಜಾಗದಲ್ಲಿ ಬರೀ ಎರಡು ಗೆರೆ. ಗೆರೆ ಅಂದರೆ ವೈರ್ ಬಿಟ್ಟಿದೆ ಅಂತ. ದೊಡ್ಡವರ ವಾರ್ಡಿನಲ್ಲಿ ತಕರಾರಿಲ್ಲ. ಬಾಸ್ ಹೇಳಿದ್ದು: "ಮಕ್ಕಳು ಕೈಕಾಲು ಆಡಿಸ್ತಾವೆ, ವೈರ್ ಕೀಳ್ತಾವೆ. ಕ್ಲೋಸ್ ಮಾಡಿ." ಮಾಡಲಿಲ್ಲ. ಊಟಕ್ಕೆ ಹೋದೆ.

೬ ಮಾರ್ಚ್
ತಂಗಿಗೆ ಹೆರಿಗೆ, ತಿಂಗಳು ತುಂಬುವ ಮೊದಲೇ. ಹೆಣ್ಣು. ಅಂಗೈಯಗಲ. ದೊಡ್ಡಮ್ಮ ಆದೆ.
ಅದೇ ಆಸ್ಪತ್ರೆ, ಅದೇ ವಾರ್ಡು. ತಲೆದೆಸೆಯಲ್ಲಿ ನಮ್ಮದೇ ಮಾನಿಟರ್ — ಎರಡು ಗೆರೆ. ನರ್ಸಮ್ಮ ವೈರ್ ಮತ್ತೆ ಅಂಟಿಸಿದರು. ಗೆರೆಯೇ. "ಇದು ಯಾವಾಗ್ಲೂ ಹೀಗೇ. ಬೀಪ್ ಆಫ್ ಮಾಡಿಟ್ಟಿದ್ದೀವಿ." ಡಾಕ್ಟರ್ ಸ್ಟೆತ್ ಇಟ್ಟು ನೂರನಲವತ್ತು ಅಂದರು. ಹಸುಗೂಸಿಗೆ ಅದೇ ಸರಿಯಂತೆ. ನೂರರ ಕೆಳಗಿಳಿದರೆ ಅಪಾಯವಂತೆ.

೭ ಮಾರ್ಚ್
ನೂರನಲವತ್ತು... ನಿನ್ನೆಯೇ ಹೊಳೆಯಬೇಕಿತ್ತು. ಸೆನ್ಸರ್ ಎದೆಬಡಿತವನ್ನು ಕಳಿಸುವುದು ಒಂದು ಬೈಟಿನಲ್ಲಿ, ಸೊನ್ನೆಯಿಂದ 255ರವರೆಗಿನ ಒಂದು ಅಂಕಿ. ನಮ್ಮ ಕೋಡು ಬರೆದಿರುವ ಜಾವಾ ಭಾಷೆಯಲ್ಲಿ ಬೈಟ್ 127ಕ್ಕೇ ಮುಗಿಯುತ್ತೆ, ಆಚೆಯದೆಲ್ಲ ಮೈನಸ್. 140 ಬಂದರೆ ಮೈನಸ್ 116. ಮೈನಸ್ ಕಂಡರೆ ನಮ್ಮ ಕೋಡು ವೈರ್ ಬಿಟ್ಟಿದೆ ಅಂತ ಗೆರೆ ಎಳೆಯುತ್ತೆ. ಮಲಗಿರುವ ದೊಡ್ಡವರ ಎದೆ ಸಾಮಾನ್ಯವಾಗಿ ಅಷ್ಟು ಓಡುವುದಿಲ್ಲ, ಅದಕ್ಕೇ ತಪ್ಪು ಗೊತ್ತೇ ಆಗಿರಲಿಲ್ಲ. ಓದುವ ಕಡೆ & 0xFF ಅಂತ ಒಂದು ತುಂಡು ಸೇರಿಸಿದರೆ ಮೈನಸ್ ಹೋಗಿ 140 ಮತ್ತೆ 140. ಅಷ್ಟೇ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದೆವು.
ಬಾಸ್: "ಆಸ್ಪತ್ರೆ ಮೆಷಿನ್ ಇದು. ಟೆಸ್ಟಿಂಗ್ ಆಗ್ದೆ ಒಂದಕ್ಷರ ಹೊರಗೆ ಹೋಗಲ್ಲ. ಎರಡು ವಾರ." ಅವರ ಮಾತು ಸರಿಯೇ. ಸಂಕಟ ಅದೇ.
ಸಂಜೆ ನರ್ಸಮ್ಮನಿಗೆ ಎಲ್ಲ ಹೇಳಿದೆ. ಬೇರೆ ಮೆಷಿನ್ ಹಾಕಿ ಅಂದೆ. "ಎಲ್ಲಿಂದ ತರ್ಲಿ? ನಾವಂತೂ ಇದನ್ನ ನಂಬ್ತಿಲ್ಲ ಬಿಡಿ." ತಂಗಿಗೆ ಹೇಳಲು ಬಾಯಿ ಬರಲಿಲ್ಲ. ಹಸಿ ಬಾಣಂತಿ.

೧೧ ಮಾರ್ಚ್, ಮಧ್ಯಾಹ್ನ, ಆಫೀಸು
ಟೆಸ್ಟರ್ ಹುಡುಗಿಯ ತಲೆ ತಿಂದೆ. "ಅಕ್ಕಾ, ನಂಗೂ ಇರೋದು ಎರಡೇ ಕೈ." ಕಾಯುವುದು ಬಿಟ್ಟು ಬೇರೆ ಕೆಲಸವಿಲ್ಲ, ಬರೆಯುತ್ತಿದ್ದೇನೆ.
ತಂಗಿಯ ಮೆಸೇಜು, ಜೊತೆಗೆ ಫೋಟೋ. "ಅಕ್ಕಾ, ನಿಮ್ಮ ಮೆಷಿನ್ ರಿಪೇರಿ ಮಾಡಿಸಿದ್ಯಾ? ಗೆರೆ ಹೋಗಿ ನಂಬರ್ ಬರ್ತಿದೆ. ಇವತ್ತು ಹೊಸ ನರ್ಸು, ಅವರೂ ಈಗ ಸರಿಯಾಯ್ತು ಅಂದ್ರು. ಪಾಪು ಎಷ್ಟು ತಣ್ಣಗೆ ಮಲಗಿದಾಳೆ ನೋಡು."
ನಾವು ಏನನ್ನೂ ರಿಪೇರಿ ಮಾಡಿಲ್ಲ. 127 ದಾಟದಿದ್ದರೆ ಮಾತ್ರ ಅದು ನಂಬರ್ ತೋರಿಸುತ್ತೆ.
ಫೋಟೋದಲ್ಲಿ 92.
ವಾರ್ಡಿಗೆ ಫೋನ್ — ಎಂಗೇಜ್. ಮತ್ತೆ ಎಂಗೇಜ್. ತಂಗಿಗೆ — ರಿಂಗ್ ಆಗ್ತಿದೆ. ಎತ್ತೇ. ನನ್ನ ತಾಯಿ, ಎತ್ತೇ —