ಮೂರನೇ ಗದ್ದೆಯ ಗೊಬ್ಬರ

ಮೇ 24, 2006. ಬುಧವಾರ

ಇವತ್ತೂ ಗೋಡೆಗೆ ನೀರು ಹೊಡೆಯುವ ಪಾಳಿ ನನ್ನದೇ. ಚಿರೆಕಲ್ಲು ಎಷ್ಟು ಕುಡಿದರೂ ಸಾಕೆನ್ನುವುದಿಲ್ಲ — ಕಿನ್ನರ ಊರಿನ ನಮ್ಮ ಮಾವನ ಹಾಗೆ. ಆರ್ಕಿಟೆಕ್ಚರ್ ಕಾಲೇಜಿನಿಂದ ಅಂಕೋಲೆ ಬಳಿಯ ಈ ಕೊಪ್ಪಕ್ಕೆ, ನಾಲ್ಕು ಮನೆಗಳ ಕೇರಿಗೆ, ಬಂದು ತಿಂಗಳಾಯಿತು. ಅಂಗನವಾಡಿಯ ನಕ್ಷೆ ನಮ್ಮದು, ಕಟ್ಟುವ ಕೈ ಊರಿನವರದು. ಮೇಸ್ತ್ರಿ ಬೊಮ್ಮ ಗೌಡ, ಬಡಗಿ ಮಾದು. ನಮ್ಮ ತಂಡದ ಯಜಮಾನಿಕೆ ರಕ್ಷಿತಾಳದು. ಮಲ್ಲಾಪುರ ಕ್ವಾರ್ಟರ್ಸಿನ ಹುಡುಗಿ, ಬಾಯಿಗಿಂತ ಮೊದಲು ಟೇಪು ಬಿಚ್ಚುತ್ತಾಳೆ.

ಅಂಗನವಾಡಿಯ ವೀಣಾ ಅಕ್ಕೋರು ಬಂದಿದ್ದರು. ಜೂನ್ ಹನ್ನೆರಡಕ್ಕೆ ಇಲಾಖೆಯವರು ನೋಡಲು ಬರುತ್ತಾರಂತೆ. ಅಷ್ಟರೊಳಗೆ ಹೆಂಚು ಹೊದಿಸದಿದ್ದರೆ ಈ ಅಂಗನವಾಡಿ ರದ್ದು. ಮಕ್ಕಳು ಹೆದ್ದಾರಿಯಾಚೆಯ ಇನ್ನೊಂದಕ್ಕೆ.

"ಆ ಲಾರಿಗಳ ನಡುವೆ ಇವನ್ನ ಹ್ಯಾಂಗೆ ದಾಟಿಸೂದು ತಮಾ?" ಅಂದರು. ಗೋಡೆಗೆ ಮತ್ತೊಂದು ಕೊಡ ಹೊಯ್ದೆ.

ಮೇ 27

ಸೂರಿನ ಜಗಳ. ರಕ್ಷಿತಾಗೆ ಎತ್ತರ ಬೇಕು, ಒಳಗೆ ಬೆಳಕಿಗೆ. ಮಾದುಗೆ ತಗ್ಗು ಬೇಕು, ಇರಿಚಲು ಬಡಿಯದಿರಲು. ಮಧ್ಯಾಹ್ನದವರೆಗೆ ಹಗ್ಗಜಗ್ಗಾಟ. ಕೊನೆಗೆ ಇಬ್ಬರೂ ಸೇರಿ ದಾರಿ ಕಂಡರು — ಸೂರು ತಗ್ಗು, ನಡುನಡುವೆ ಗಾಜಿನ ಹೆಂಚು. ಒಟ್ಟಿಗೆ ಚಹಾ ಕುಡಿದರು.

ಎಲ್ಲ ಸರಿಯಾಯಿತು ಅನ್ನುವಾಗ... ಹೆಂಚು ಹೊರುವ ಪಕಾಸಿಯನ್ನು ಮಾದು ಕೊಯ್ದಿಟ್ಟಿದ್ದ; ಅದನ್ನು ರಕ್ಷಿತಾ ಅವನ ಬೆನ್ನ ಹಿಂದೆ ಮತ್ತೊಮ್ಮೆ ಅಳೆದಳು. ಅವನು ತಿರುಗಿದ.

"ಎಷ್ಟು ಬಂತು ತಂಗಿ?"

"ಸರಿ ಇದೆ ಮಾದಣ್ಣ."

"ಸರಿ ಇತ್ತಾ? ಹಾಂಗಾರೆ ಬಾಕಿದ್ದನ್ನೂ ಆ ಟೇಪಿನ ಹತ್ರನೇ ಕೊಯ್ಸು."

ಗರಗಸ, ಉಳಿ ಚೀಲಕ್ಕೆ ಹಾಕಿಕೊಂಡು ಹೊರಟೇಹೋದ. ಕರೆಯಲು ಹೋದರೆ ಬಾಗಿಲು ತೆರೆಯಲಿಲ್ಲ.

ಜೂನ್ 6

ಮಳೆ ಹಿಡಿದಿದೆ. ನಿನ್ನೆಯಿಂದ ಸೈಟಿನಲ್ಲಿ ನಾವು ಹುಡುಗರು ಮಾತ್ರ. "ಸ್ಟ್ರೈಕಾ?" ಅಂದಳು ರಕ್ಷಿತಾ. ಬೊಮ್ಮನ ಮನೆಗೆ ಹೋದೆವು. ಅವನ ಹೆಗಲ ಮೇಲೆ ನೇಗಿಲು.

"ಮಳೆ ಬಿದ್ದ ಮೇಲೆ ಕೂಲಿ ಎಲ್ಲಿದು? ಗದ್ದೆ ಕಾಯೂದಿಲ್ಲ ತಮಾ."

ಗೊಬ್ಬರದ ಗುಂಡಿಯಿಂದ ಅವನ ಹೆಂಡತಿ ಗಂಗಿ ತಲೆಯೆತ್ತಿದಳು. "ನೀವು ಮುಯ್ಯಿಗೆ ಬಂದ್ರೆ ಇವ್ರೂ ಬತ್ರು. ಗೊಬ್ಬರ ಹೊರೂಕೆ ಆಗ್ತದಾ, ಇಲ್ಲ ಪೆನ್ಸಿಲ್ ಹೊರೂದು ಮಾತ್ರವಾ?"

ಮುಯ್ಯಿ ಅಂದರೆ ಇಷ್ಟೇ. ನನ್ನ ಗದ್ದೆಯಲ್ಲಿ ನೀನು ಒಂದು ದಿನ ದುಡಿದರೆ ನಿನ್ನ ಕೆಲಸಕ್ಕೆ ನಾನು ಒಂದು ದಿನ. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಹುಲಿ ಕೂಡ ಮುಯ್ಯಿ ಉಳಿಸಿಕೊಳ್ಳುತ್ತಿರಲಿಲ್ಲ.

"ನಾಳೆನೇ ಬರ್ತೇವೆ ಗಂಗಕ್ಕ," ಅಂದಳು ರಕ್ಷಿತಾ. ಬೊಮ್ಮನ ಗದ್ದೆ ಗುಡ್ಡದ ಕಡೆಯಿಂದ ಮೂರನೆಯದು. ಆದರೆ ಬೊಮ್ಮ ಬಂದರೂ ಮಾದು ಇಲ್ಲದೆ ಪಕಾಸಿ ಏರುವುದಿಲ್ಲ. ಅದು ಬೇರೆ ಚಿಂತೆ.

ಜೂನ್ 7, ಸಂಜೆ

ಕತ್ತು ತಿರುಗುತ್ತಿಲ್ಲ. ಇಡೀ ತಂಡ ಬೆಳಗಿನಿಂದ ಹೊತ್ತಿತು. ಬುಟ್ಟಿಯಿಂದ ಸೋರಿದ್ದು ರಕ್ಷಿತಾಳ ಜಡೆಯಲ್ಲಿ, ನನ್ನ ಕಿವಿಯಲ್ಲಿ. ಗುಂಡಿ ಖಾಲಿಯಾಯಿತು. ಅಂಗಳದಲ್ಲಿ ಕಾಲು ಚಾಚಿ ಗಂಜಿ ಉಂಡೆವು.

ಇನ್ನೊಬ್ಬರ ಗದ್ದೆಯ ಉಳುಮೆ ಮುಗಿಸಿ ಬಂದ ಬೊಮ್ಮ ಕೇಳಿದ, "ಗೊಬ್ಬರ ಎಲ್ಲಿ ಹಾಕಿದ್ರಿ?"

"ಮೂರನೇ ಗದ್ದೆಗೆ."

"ನನ್ನ ಗದ್ದೆ ನೋಡ್ಕಂಡೇ ಬಂದೆ. ಬೋಳು ನಿಂತದೆ."

ಓಡಿ ಹೋಗಿ ನೋಡಿದೆವು. ರಾತ್ರಿಯ ಮಳೆಗೆ ಮೊದಲೆರಡು ಗದ್ದೆಗಳ ನಡುವಿನ ಬದು ಕೊಚ್ಚಿಹೋಗಿ ಎರಡೂ ಒಂದಾಗಿದ್ದವು. ನಾವು ಎಣಿಸಿದ ಮೂರನೆಯದು ನಿಜಕ್ಕೂ ನಾಲ್ಕನೆಯದು. ಮಾದುವಿನದು!

ಗಂಗಿ ಬುಟ್ಟಿ ಬೋರಲು ಹಾಕಿ ಕುಳಿತು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಬೊಮ್ಮ ನಗಲಿಲ್ಲ. "ನನ್ನ ಗದ್ದೆಗೆ ಬರದ ಗೊಬ್ಬರಕ್ಕೆ ನಾನು ಮುಯ್ಯಿ ಎಂತಕೆ ಕೊಡೂದು?"

ಮಾತು ನ್ಯಾಯದ್ದೇ. ರಕ್ಷಿತಾ ಬಾವಿಕಟ್ಟೆಗೆ ಹೋಗಿ ಜಡೆ ತೊಳೆಯತೊಡಗಿದಳು. ತೊಳೆಯುತ್ತಲೇ ಇದ್ದಳು.

ಜೂನ್ 8

ಬೆಳಿಗ್ಗೆ ಬೊಮ್ಮನ ಅಂಗಳಕ್ಕೆ ಮಾದು ಬಂದ. ಮುಖ ಸಿಡಿಸಿಡಿ.

"ನನ್ನ ಗದ್ದೆಗೆ ಗೊಬ್ಬರ ಹಾಕಿದ್ದು ಯಾರು?"

"ನಾನು ಎಣಿಸಿದ್ದು ಮಾದಣ್ಣ," ರಕ್ಷಿತಾ ಎದ್ದಳು. "ತಪ್ಪಾಯ್ತು. ವಾಪಸ್ ಎತ್ತುತ್ತೇವೆ."

"ಎತ್ತೂದು ಎಲ್ಲಿಂದ? ಬೆಳಕು ಹರಿಯೂ ಮುಂಚೆನೇ ಹರಡಿ ಹೂಡಿ ಆಯ್ತು."

"ಕಳ್ಳ!" ಅಂದಳು ಗಂಗಿ.

"ಕಳ್ಳ ಅಲ್ಲ ಗಂಗಕ್ಕ, ಬಂದ ಲಕ್ಷ್ಮಿನ ಹೊರಗೆ ಹಾಕ್ತಾರಾ? ನನ್ನ ಗುಂಡಿದು ಬೊಮ್ಮಣ್ಣ ತಕ್ಕಳ್ಲಿ. ಈ ಮಕ್ಕಳೇ ಹೊರ್ಲಿ, ಹ್ಯಾಂಗೂ ರೂಢಿ ಆಯ್ತಲ್ಲ." ಆಮೇಲೆ ದನಿ ತಗ್ಗಿತು. "ಇವರ ಒಂದು ದಿನದ ಬೆವರು ನನ್ನ ಗದ್ದೆಗೆ ಬಿತ್ತು. ಅದ್ನ ಇಟ್ಕಂಡು ನಾನು ಅನ್ನ ಉಣ್ಣೂದು ಹ್ಯಾಂಗೆ?"

ರಕ್ಷಿತಾಳ ಕಡೆ ನೋಡದೆ ಅಂದ, "ಶನಿವಾರ ಬತ್ತೆ. ಟೇಪು ತಕ್ಕಂಡು ಬಾ."

"ಬೇಡ ಮಾದಣ್ಣ, ತರೂದಿಲ್ಲ."

"ತಾ ಅಂದೆ. ಒಂದು ತುದಿ ನಾ ಹಿಡೀತೆ."

ಮತ್ತೆ ಹೊತ್ತೆವು. ಈ ಸಲ ಗಂಗಿ ತಾನೇ ಗದ್ದೆಯ ನಡುವೆ ನಿಂತು, "ಇಲ್ಲಿ! ಇಲ್ಲಿ!" ಎಂದು ಎಮ್ಮೆ ಕರೆದಂತೆ ಕರೆದಳು.

ಜೂನ್ 10, ಶನಿವಾರ. ನಾಲ್ಕು ಗಂಟೆ

ಎಲ್ಲರೂ ಬಂದರು. ಬೊಮ್ಮ, ಗಂಗಿ, ಕರೆಯದಿದ್ದ ನೆರೆಯವರೂ. ಪಕಾಸಿ ಏರಿತು. ಮಾದು ಮೇಲೆ, ರಕ್ಷಿತಾ ಅವನ ಪಕ್ಕದಲ್ಲೇ. ಬೈಗುಳ ಎರಡೂ ಕಡೆಯಿಂದ, ಕೆಲಸ ಓಟ. ನೆಲದಿಂದ ಸೂರಿನವರೆಗೆ ಸಾಲು ನಿಂತು ಕೈಯಿಂದ ಕೈಗೆ ಹೆಂಚು. ನನ್ನ ಅಂಗೈ ಸಿಪ್ಪೆ ಎದ್ದಿದೆ, ಚಹಾದ ನೆವದಲ್ಲಿ ಕುಳಿತು ಇದನ್ನು ಗೀಚುತ್ತಿದ್ದೇನೆ.

ಒಂದು ಮಗ್ಗುಲು ಮುಗಿಯಿತು. ಇನ್ನೊಂದರಲ್ಲಿ ಸ್ವಲ್ಪ ಬಾಕಿ. ಸಮುದ್ರದ ಬದಿ ಕಪ್ಪಾಗಿದೆ. ಅಕ್ಕೋರಿಗೆ ಸೋಮವಾರದವರೆಗೆ ತಡೆಯಲಾಗಲಿಲ್ಲ, ಮಕ್ಕಳನ್ನು ಈಗಲೇ ಒಳಗೆ ಕೂರಿಸಿದ್ದಾರೆ. ಹನಿ ಶುರು. ಹೆಂಚಿನ ಮೇಲೆ ಸದ್ದು. ಮಕ್ಕಳೆಲ್ಲ ಬಾಯಿ ತೆರೆದು ಮೇಲೆ ನೋಡುತ್ತಿವೆ — ಒಂದರ ಮೂಗಿನ ಮೇಲೆ ಮಾತ್ರ ನೀರು, ಅದು ಬಾಕಿ ಇರುವ ಮಗ್ಗುಲಲ್ಲಿ ಕುಳಿತಿದೆ, ಅಳುವುದೋ ನಗುವುದೋ ಇನ್ನೂ ತೀರ್ಮಾನಿಸಿಲ್ಲ, ಸಾಲಿನಲ್ಲಿ ನನ್ನ ಜಾಗ ಖಾಲಿ, ಗಂಗಿ ಹೆಂಚು ಚಾಚಿ ನಿಂತು ಕೂಗುತ್ತಿದ್ದಾಳೆ, ಬಂದೆ ಗಂಗಕ್ಕ, ಬಂ