ತಲೆಯ ಮೇಲಿನ ಆಣೆ

ಮಡಗಾಂವ್, ಗೋವಾ
೧೨ ನವೆಂಬರ್ ೨೦೨೪

ಪ್ರೀತಿಯ ಬಾಪೂ,

ನಿನ್ನ ಮಗಳು ರೇಣು ಕಾಲಿಗೆ ಬಿದ್ದು ಬರೆಯುವ ಕಾಗದ. ಮೊಣಕಾಲಿನ ಬಾವು ಇಳಿಯಿತೇ? ಊಟ ಸೇರುತ್ತಿದೆಯೇ? ತಾಂಡಾದಲ್ಲಿ ಚಳಿ ಶುರುವಾಗಿರಬೇಕು. ಯಾಡಿ ಕೊಟ್ಟ ಕೌದಿ ಹೊದ್ದುಕೋ, ಹೆಂಡತಿ ಅದನ್ನು ಗಂಟು ಕಟ್ಟಿ ಇಡಲು ಕೊಟ್ಟದ್ದಲ್ಲ. ಯಾಡಿ ಗಟ್ಟಿಯಾಗಿದ್ದಾಳೆ. ದಿನವೂ ಕೊಲ್ವಾ ಕಡಲ ದಂಡೆಯಲ್ಲಿ ಸರ, ಚೀಲ ಮಾರುತ್ತಾಳೆ, ಗಿರಾಕಿಗಳ ಜೊತೆ ಜಗಳವನ್ನೂ ಆಡುತ್ತಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು ಅನ್ನಬೇಡ. ಫೋನಿನಲ್ಲಿ ನೀನು ‘ಹೂಂ, ಹೂಂ’ ಅಂದು ಕಾಕಾನ ಕೈಗೆ ಕೊಟ್ಟುಬಿಡುತ್ತೀ. ಕಾಗದವಾದರೆ ಪೂರ್ತಿ ಓದಲೇಬೇಕು.

ಈಗ ನನ್ನ ಸುದ್ದಿ. ಹೋಟೆಲಿನಲ್ಲಿ ಇಷ್ಟು ದಿನ ಈರುಳ್ಳಿ ಹೆಚ್ಚಿದೆ, ಮೀನು ತೊಳೆದೆ. ಈಗ ಒಲೆಯ ಮುಂದೆ ನಿಲ್ಲುವ ಜಾಗ ಒಂದು ಖಾಲಿಯಾಗಿದೆ. ಅದು ನನಗೇ ಬೇಕು ಅಂತ ಹೋಗಿ ಕೇಳಿದೆ. ಮಾಲೀಕರು ಇನಾಸ್ ಬಾಬ್ (ಬಾಬ್ ಅಂದರೆ ಇಲ್ಲಿ ಸಾಹೇಬರು ಅಂತ), ಇಟಲಿಯ ಹಡಗುಗಳಲ್ಲಿ ಅಡುಗೆ ಮಾಡಿ ತಲೆ ನರೆತವರು. ಹಾಗಾದರೆ ಸ್ಕ್ಯಾಲಪ್ ಮಾಡಿ ತೋರಿಸು ಅಂದರು. ಅದು ಬೀಸಣಿಗೆಯಂಥ ಚಿಪ್ಪಿನೊಳಗಿರುವ ಬೆಳ್ಳನೆಯ ಮಾಂಸ, ಬೆಣ್ಣೆಯಷ್ಟು ಮೆತ್ತಗೆ. ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಕಾದ ಬಾಣಲೆಯಲ್ಲಿಟ್ಟು, ಕೈ ಆಡಿಸದೆ ಕಾಯಬೇಕು. ಒಂದು ಗಳಿಗೆ ಹೆಚ್ಚಾದರೆ ಚಪ್ಪಲಿಯ ಅಟ್ಟೆ. ನಾನು ಅಂಚು ನೋಡಿ ತಿರುವಿದೆ, ರೊಟ್ಟಿಗೆ ನೋಡುತ್ತೇವಲ್ಲ, ಹಾಗೆ. ಬೆಣ್ಣೆ, ಬೆಳ್ಳುಳ್ಳಿ ಹಾಕಿ, ಕೊನೆಗೆ ಬಿಳಿ ವೈನ್ ಸುರಿದಾಗ ಹೊಗೆ ಮುಖಕ್ಕೆ ಹೊಡೆಯಿತು. ಆ ವಾಸನೆ ನನಗೆ ಇಂದಿಗೂ ಆಗದು, ಬಾಪೂ. ಯಾಕೆಂದು ನಿನಗೆ ಗೊತ್ತು. ಆದರೂ ಒಲೆ ಬಿಟ್ಟು ಸರಿಯಲಿಲ್ಲ. ಬಾಬ್ ಒಂದು ತಿಂದು, ಇನ್ನೊಂದಕ್ಕೆ ಕೈ ಹಾಕಿದರು.

ಆಮೇಲೆ ಎಡವಟ್ಟಾಯಿತು. ಈ ತಿನಿಸಿನ ಜೊತೆ ಯಾವ ವೈನ್ ಕೊಡಬೇಕು ಅಂತಲೂ ಹೇಳಬೇಕಂತೆ. ಎರಡು ಗ್ಲಾಸು ಮುಂದಿಟ್ಟರು. ಒಂದನ್ನು ಕೈಗೆತ್ತಿಕೊಂಡೆನೋ ಇಲ್ಲವೋ, ನನ್ನ ಬೆರಳು ತಾನಾಗಿಯೇ ಗ್ಲಾಸಿನಲ್ಲಿ ಅದ್ದಿ, ಹಿರಿಯರ ಹೆಸರಿನಲ್ಲಿ ಹನಿ ಚಿಮುಕಿಸಿಬಿಟ್ಟಿತು! ಥೇಟ್ ನೀನು ಕುಡಿಯುವ ಮೊದಲು ಮಾಡುತ್ತಿದ್ದ ಹಾಗೆ. ಹನಿಗಳೆಲ್ಲ ಬಾಬ್ ಅವರ ಕನ್ನಡಕದ ಮೇಲೆ. ಅಡುಗೆಮನೆಯೇ ಬಿದ್ದು ಬಿದ್ದು ನಕ್ಕಿತು. ಬಾಬ್ ಕನ್ನಡಕ ಒರೆಸಿಕೊಂಡು, ನಿಮ್ಮ ಹಿರಿಯರಾದರೂ ರುಚಿ ನೋಡಿದರಲ್ಲ, ಇನ್ನು ನೀನು ನೋಡು ಅಂದರು. ನನಗೆ ನಗು ಬರಲಿಲ್ಲ. ನಿನ್ನಿಂದ ಏನೂ ಬರಬಾರದು ಅಂತ ಇಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದೆ, ಬೆರಳಲ್ಲಿ ಬಂದು ಕೂತಿದ್ದೀಯಲ್ಲ!

ಗ್ಲಾಸು ತುಟಿಗೆ ತಾಗಿಸಲಿಲ್ಲ. ನೀನು ಆಸ್ಪತ್ರೆಯಲ್ಲಿ ರಕ್ತ ಕಾರಿ ಮಲಗಿದ್ದಾಗ ಯಾಡಿ ನನ್ನ ಕೈಯನ್ನು ನಿನ್ನ ತಲೆಯ ಮೇಲಿಟ್ಟು, “ಸೆರೆ ನಾಲಿಗಿಗೆ ಹಚ್ಚಂಗಿಲ್ಲ ಅಂತ ಆಣಿ ಮಾಡ, ತಪ್ಪಿದ್ರ ನಿಮ್ಮಪ್ಪ ಉಳಿಯಂಗಿಲ್ಲ ನೋಡ” ಅಂದಿದ್ದಳು. ಕುಡಿದವನು ನೀನು, ಆಣೆ ಮಾಡಿದವಳು ನಾನು. ಅದಕ್ಕೇ ಬರೀ ಮೂಸಿ ನೋಡಿ, ಸ್ಕ್ಯಾಲಪ್ ಸಿಹಿಯಾಗಿದೆಯಲ್ಲ ಅಂತ ಸಿಹಿ ವಾಸನೆಯದನ್ನೇ ತೋರಿಸಿದೆ. ತಪ್ಪಾಯಿತು. ಸಿಹಿಗೆ ಸಿಹಿ ಕೂಡಿದರೆ ಎರಡೂ ಸಪ್ಪೆಯಂತೆ, ಹುಳಿ ಇರುವ ಇನ್ನೊಂದೇ ಸರಿಯಂತೆ. ಮೂಗು ಚೆನ್ನಾಗಿದೆ, ಮೂಗೊಂದೇ ಸಾಲದು, ನಾಲಿಗೆಗೆ ತಾಗಿಸಿ ಉಗುಳಿಬಿಡು, ನುಂಗು ಅಂತ ಯಾರೂ ಹೇಳಿಲ್ಲ ಅಂದರು ಬಾಬ್. ಕ್ರಿಸ್‌ಮಸ್ ಗಿರಾಕಿ ಶುರುವಾಗುವ ತನಕ ನನಗೆ ಅವಕಾಶ. ಅಷ್ಟರಲ್ಲಿ ರುಚಿ ನೋಡಲು ಒಪ್ಪದಿದ್ದರೆ ಜಾಗ ನನ್ನ ಜೊತೆ ಈರುಳ್ಳಿ ಹೆಚ್ಚುವ ಅಶ್ವಿನಿಗೆ. ಅವಳು ಒಳ್ಳೆಯ ಹುಡುಗಿ, ಆದರೆ ಸ್ಕ್ಯಾಲಪ್ಪನ್ನು ಅಟ್ಟೆ ಮಾಡುತ್ತಾಳೆ. ಆ ಒಲೆ ನನ್ನದು. ನಾನು ಬಿಡುವುದಿಲ್ಲ.

ಕಾಕಾ, ಕಾಕಿಗೆ ನಮಸ್ಕಾರ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ಯಾಡಿ ನಿನ್ನನ್ನು ಬೈದಿದ್ದಾಳೆ, ಅಂದರೆ ನೆನೆಸಿದ್ದಾಳೆ.

ನಿನ್ನ ಮಗಳು,
ರೇಣು

ತಾ.ಕ.: ಯಾರ ತಲೆಯ ಮೇಲಿನ ಆಣೆಯೋ ಅವರೇ ಬಿಡಿಸಬೇಕು ಅನ್ನುತ್ತಾಳೆ ಯಾಡಿ. ಫೋನಿನಲ್ಲಿ ಬಿಡಿಸುವ ಹಾಗಿಲ್ಲ. ಮುಂದಿನ ಸೋಮವಾರ ನನಗೆ ರಜೆ, ಬಸ್ಸು ಹತ್ತಿ ಬಾ. ನನ್ನ ಆಣೆ ಬಿಡಿಸು, ಅದೇ ಕೈಯನ್ನು ನನ್ನ ತಲೆಯ ಮೇಲಿಟ್ಟು ನಿನ್ನ ಆಣೆ ಮಾಡು. ನೀನು ಕುಡಿತ ಬಿಟ್ಟಿದ್ದೀ ಅಂತ ಕಾಕಾ ಹೇಳುತ್ತಾನೆ, ಹೇಳುವಾಗ ಅವನ ದನಿ ಯಾಕೋ ಸಣ್ಣಗಾಗುತ್ತದೆ. ದಾರಿಯಲ್ಲಿ ಏಲಕ್ಕಿ ಜಗಿದು ಬಂದರೆ ನಡೆಯುವುದಿಲ್ಲ, ಬಾಪೂ. ಈಗ ಮೂಸಿ ನೋಡುವುದೇ ನನ್ನ ಕೆಲಸ.